ನಿಧಾನವಾಗಿ ತಿರುಗುವ ಕಲ್ಲು

ಶಹಾಬಾದ್
ಮಾರ್ಚ್ 7

ಭಗವಂತ ಅವರಿಗೆ, ಗುರುಲಿಂಗಯ್ಯ ಮಾಸ್ತರನ ನಮಸ್ಕಾರ.

ಲುಂಬಿನಿ ಆರು ದಿನದಿಂದ ಶಾಲೆಗೆ ಬಂದಿಲ್ಲ. ಕಾರಣ ನಾನೇ.

ವಿಜ್ಞಾನ ದಿನದಂದು ಮಕ್ಕಳನ್ನು ಗ್ರಹಗಳೆಂದು ಮೈದಾನದಲ್ಲಿ ನಿಲ್ಲಿಸಿ ಗಿರಗಿರ ತಿರುಗಿಸಿದೆನಲ್ಲ, ಅದರಲ್ಲಿ ನಿಮ್ಮ ಮಗಳು ಪುಸ್ತಕದಿಂದ ತಾನೇ ಆರಿಸಿಕೊಂಡ ಒಂದು ಕ್ಷುದ್ರಗ್ರಹ. ಅಂದರೆ ಮಂಗಳ, ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಭಾರೀ ಕಲ್ಲು. ಅವಳು ಸುಮ್ಮನೆ ನಿಂತಂತೆ ಕಂಡಿತು.

"ಯಾಕವ್ವಾ, ನಿಮ್ಮಪ್ಪನ ಖಣಿಯಾಗಿನ ಕಲ್ಲಿನಂಗ ನಿಂತೀಯಲ್ಲ?" ಎಂದೆ.

"ತಿರುಗಾಕತ್ತೀನ್ರಿ ಸರ. ಇದು ಭಾಳ ಸಾವಕಾಶ ತಿರುಗ್ತದ್ರಿ."

"ಹಂಗಾದ್ರ ಮನಿಗಿ ಹೋಗಿ ತಿರುಗು" ಎಂದು ಅವಳನ್ನು ಹೊರಗೆ ಕಳಿಸಿದೆ. ಜನರೆಲ್ಲ ನಕ್ಕರು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದ ನೀವೂ, ಮಾಸ್ತರನ ಮಾತಿಗೆ ನಗಬೇಕೆಂದು ನಕ್ಕಿರಿ. ಆಗ ಅವಳು ನೋಡಿದ್ದು ನನ್ನನ್ನಲ್ಲ, ನಿಮ್ಮನ್ನು.

ನಿನ್ನೆ ಅವಳು ಓದಿದ್ದ ಗ್ರಂಥಾಲಯದ ಪುಸ್ತಕ ತೆರೆದೆ. ಅವಳು ಆರಿಸಿದ್ದ ಆ ಕಲ್ಲಿಗೆ ತನ್ನ ಸುತ್ತ ತಾನೇ ಒಮ್ಮೆ ತಿರುಗಲು ಹದಿನೇಳು ದಿನ ಬೇಕಂತೆ. ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುವ ನನಗೆ ಅದು ಗೊತ್ತಿರಲಿಲ್ಲ. ಸಂಜೆ ನಿಮ್ಮ ಓಣಿಯ ತನಕ ಬಂದು, ಮುಖ ತೋರಿಸಲಾಗದೆ ಮರಳಿದೆ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಕರೆದುಕೊಂಡು ಬನ್ನಿ. ತಪ್ಪು ನನ್ನದೆಂದು ಎಲ್ಲರ ಮುಂದೆ ಹೇಳುತ್ತೇನೆ. ನೀವು ದೊಡ್ಡ ಮನಸ್ಸಿನವರು, "ಹೋಗ್ಲಿ ಬಿಡ್ರಿ ಸರ" ಅನ್ನುತ್ತೀರಿ. ದಯವಿಟ್ಟು ಅವಳ ಎದುರಿಗೆ ಹಾಗೆ ಅನ್ನಬೇಡಿ.

ಇಂತಿ,
ನಿಮ್ಮ ಮಗಳ ಮಾಸ್ತರ
ಗುರುಲಿಂಗಯ್ಯ