ಚೆಕ್‌ಪೋಸ್ಟಿನಿಂದ ಹಿಂದಿರುಗಿದ ಮಗಳಿಗೆ

ಕೊಳ್ಳೇಗಾಲ
ಜುಲೈ 4, 2021, ಭಾನುವಾರ

ಅಂಜು ಮಗಳೇ,

ನಿನಗೆ, ನಿನ್ನ ಮಡಿಲಿನ ಕೂಸಿಗೆ, ಅಳಿಯಂದಿರು ಚರಣ್ ಅವರಿಗೆ ನಿನ್ನಪ್ಪ ಮಾದಪ್ಪನ ಆಶೀರ್ವಾದ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯಲು ಹೋದೆ, ಕೈ ಮುಂದಕ್ಕೆ ಹೋಗಲಿಲ್ಲ. ನಾನೂ ನಿನ್ನ ತಮ್ಮ ತೇಜಸ್ಸೂ ಇದ್ದೇವೆ. ಅವನು ಕುಂತೂರು ಫ್ಯಾಕ್ಟರಿ ಕೆಲಸ ಮುಗಿಸಿ ಬಂದು ಸಾರು ಮಾಡುತ್ತಾನೆ, ಉಪ್ಪು ಮರೆಯುತ್ತಾನೆ. ನಾನು ಬಯ್ಯುತ್ತೇನೆ, ಅವನು ಎದ್ದು ಉಪ್ಪು ತಂದಿಡುತ್ತಾನೆ. ಮೊದಲಾದರೆ ತಿರುಗಿ ಮಾತಾಡುತ್ತಿದ್ದ.

ಕೂಸು ಹುಟ್ಟಿದ ಸುದ್ದಿ ಅಳಿಯಂದಿರು ತಿಳಿಸಿದ ದಿನವೇ ಬರೆಯಬೇಕಿತ್ತು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾಯಿಲೆ ನನ್ನನ್ನೂ ಬಿಡಲಿಲ್ಲವಲ್ಲ, ಎದ್ದ ಮೇಲೂ ಬೆರಳಿಗೆ ಬಲವಿರಲಿಲ್ಲ. ಮಗ್ಗದ ಲಾಳಿ ಹಿಡಿಯಲಾಗದ ಕೈಯಲ್ಲಿ ಪೆನ್ನು ಹಿಡಿಯುವುದು ಹೇಗೆ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನೀನು ಅಳುತ್ತೀಯ, ನಾನು ಗದರುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದವಾದರೆ ನೀನು ಸಿಟ್ಟು ಮಾಡಿಕೊಂಡು ಎತ್ತಿಟ್ಟರೂ ಸಿಟ್ಟಿಳಿದ ಮೇಲೆ ಓದಬಹುದು.

ನಿನ್ನ ಸಿಟ್ಟಿನ ವಿಷಯ ಅಳಿಯಂದಿರು ಹೇಳಿದರು. ಪಾಪ, ಅವರು ಎಷ್ಟು ಮೆತ್ತಗೆ ಹೇಳಲು ನೋಡಿದರೂ ಮಾತು ಮಾತೇ. ‘ಇನ್ನು ಆ ಮನೆ ಹೊಸ್ತಿಲು ತುಳಿಯಲ್ಲ. ಅಪ್ಪ ಮಾದೇವನಿಗೆ ಒಂದು ಮಾತು ಹೇಳಿದ್ದರೆ ಗೇಟು ತೆಗೆಯುತ್ತಿದ್ದ. ಅಪ್ಪನಿಗೆ ಬೇಕಾಗಿರಲಿಲ್ಲ’ ಎಂದೆಯಂತೆ. ಕೇಳಿ ನೊಂದೆ ಮಗಳೇ. ಆದರೂ ನಿನ್ನದು ತಪ್ಪು ಅನ್ನಲಾರೆ. ಬಸುರಿ ಹೆಂಗಸು ಬೆಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಗಡಿವರೆಗೆ ಬಂದು, ಚೆಕ್‌ಪೋಸ್ಟ್ ಕಾಯುವ ನಮ್ಮ ಬೀದಿಯ ಹುಡುಗ ಮಾದೇವನ ಕೈಯಲ್ಲೇ ವಾಪಸ್ ಕಳಿಸಿಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದಾದ ಮೇಲೆ ಹೆತ್ತವಳ ಮುಖವನ್ನೂ ನೋಡಲಾಗದಿದ್ದರೆ ಕೇಳಬೇಕೇ?

ನೀನು ಇಲ್ಲಿರಲಿಲ್ಲ. ನಡೆದದ್ದನ್ನು ನಿನಗೆ ಒಬ್ಬೊಬ್ಬರು ಒಂದೊಂದು ತುಂಡು ಹೇಳಿದ್ದಾರೆ. ನಾನು ಸರಿಯಾಗಿ ಹೇಳುತ್ತೇನೆ, ಕೇಳು.

ಯುಗಾದಿ ಕಳೆದ ಮೇಲೆ ನಮ್ಮ ಬೀದಿಯ ಕಲ್ಯಾಣ ಮಂಟಪದಲ್ಲಿ ಸಭೆ ಸೇರಿತು. ಎಲ್ಲರೂ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೂಗಿದ್ದೇ ಕೂಗಿದ್ದು. ಬೆಂಗಳೂರಿನಿಂದ ಬರುವವರೂ ಬೇಡ, ತಮಿಳುನಾಡಿನಿಂದ ಬರುವವರೂ ಬೇಡ, ಬೆಂಗಳೂರಿನ ರಸ್ತೆಗೂ ಬೆಟ್ಟದಾಚೆಗೆ ಹೋಗುವ ಹನೂರಿನ ಕಡೆಯ ರಸ್ತೆಗೂ ಅಡ್ಡ ಹಾಕಿಸಿ ಎಂದು ಡಿ.ಸಿ. ಸಾಹೇಬರಿಗೆ ಮನವಿ ಕೊಡೋಣ ಅಂತ ಒಂದು ಗುಂಪು. ಅವರ ಎದುರಿಗೆ ನಿಂತದ್ದು ನಿನಗೆ ಲೆಕ್ಕ ಹೇಳಿಕೊಟ್ಟ ಷಡಕ್ಷರಿ ಮೇಷ್ಟ್ರು ಒಬ್ಬರೇ.

“ರಸ್ತೆ ಮುಚ್ಚಿ, ಬ್ಯಾಡ ಅನ್ನಲ್ಲ ನಾನು. ಕಾಯಿಲೆ ಆಗ್ಲೇ ಒಳಗೇ ಬಂದು ಕುಂತಿದ್ರೆ ಏನ್ ಮಾಡೀರಿ? ಈ ಮಂಟಪದಲ್ಲಿ ಮಂಚ ಹಾಕ್ಸಿ, ಆಕ್ಸಿಜನ್ ತರ್ಸಿ, ಅದನ್ನ ಹಚ್ಚೋಕೆ ಬರೋ ಒಬ್ರನ್ನ ಗೊತ್ತು ಮಾಡಿ. ಆಮೇಲೆ ಅಡ್ಡ ಹಾಕೀರಂತೆ” ಎಂದರು.

ಹಿಂದಿನಿಂದ ಯಾರೋ, “ಸಾ, ಮದ್ವೆ ಮಂಟಪವ ಆಸ್ಪತ್ರೆ ಮಾಡ್ಬುಟ್ರೆ ನಾಳೆ ಇಲ್ಲಿ ಯಾರು ತಾಳಿ ಕಟ್ಟಾರು?” ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕೂತುಬಿಟ್ಟರು.

ಆಗ ಎದ್ದಳು ನೋಡು ನಿಮ್ಮವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ನನ್ ಮಗ್ಳು ಬೆಟ್ಟದಾಚೆ ಸೇಲಂನಾಗವ್ಳೆ. ತುಂಬ್ದ ಬಸ್ರಿ. ಚೊಚ್ಚಲ ಬಾಣಂತನ ತವರಲ್ದೆ ಇನ್ನೆಲ್ಲಿ ಮಾಡ್ಸಾರು? ನಿಮ್ ಮನೇಲೂ ಎಣ್ಮಕ್ಳಿಲ್ವಾ? ರಸ್ತೆ ಮುಚ್ಚಾದಾದ್ರೆ ಮೊದ್ಲು ನನ್ನ ಆಚೆಗೆ ಬುಟ್ಟು ಆಮೇಲೆ ಮುಚ್ಚಿ” ಎಂದಳು. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದ ಕೈಗಳೇ ಆಮೇಲೆ ರಸ್ತೆ ಮುಚ್ಚಲಿ ಎಂದು ಮೇಲೆದ್ದವು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ಹರಿಹಾಯ್ದಳು. ನಾನು ಕೈ ಎತ್ತಿರಲಿಲ್ಲ, ಆದರೆ ಬಾಯಿಯನ್ನೂ ಬಿಟ್ಟಿರಲಿಲ್ಲವಂತೆ. ನನಗೆ ಅವಳ ಮೇಲೆ ಹೆಮ್ಮೆಯಾಗಿತ್ತು. ಅದನ್ನು ಹೇಳಲೂ ಅವಳು ಬಿಡಲಿಲ್ಲ.

ಅಷ್ಟರಲ್ಲಿ ಸರ್ಕಾರದ ನಿಯಮವೇ ಬಂತು. ಪಾಸು ಬೇಕು, ಹೊಸ ಟೆಸ್ಟ್ ರಿಪೋರ್ಟ್ ಬೇಕು, ಇಲ್ಲದಿದ್ದರೆ ಗಡಿ ದಾಟುವಂತಿಲ್ಲ. ಮಂಟಪಕ್ಕೆ ಮಂಚಗಳೂ ಬಂದವು, ಸಿಲಿಂಡರುಗಳೂ ಬಂದವು. ಅವನ್ನು ನೋಡಿಕೊಳ್ಳುವವರು ಮಾತ್ರ ಬರಲಿಲ್ಲ.

ಇನ್ನು ನಿಮ್ಮವ್ವನ ಕಾಯಿಲೆ ನಮಗೆ ತಡವಾಗಿ ತಿಳಿದದ್ದು ಹೇಗೆ ಎಂದು ಕೇಳಿದ್ದೆಯಂತೆ. ಹೇಳಿದರೆ ಬೇರೆ ಊರಿನವರು ನಗುತ್ತಾರೆ. ನೀನು ನಗಲಾರೆ, ನೇಕಾರರ ಮನೆ ಮಗಳು.

ನೂಲು ಮನೆಗೆ ಬಂದಾಗ ನಿಮ್ಮವ್ವ ಮೊದಲು ಲಡಿಯ ಸುರುಳಿ ಬಿಚ್ಚಿ ಮೂಗಿಗೆ ಹಿಡಿಯುತ್ತಿದ್ದದ್ದು ನಿನಗೆ ಗೊತ್ತು. ರೇಷ್ಮೆಯ ಆ ಹುಳು ಹುಳು ವಾಸನೆಯಲ್ಲೇ, ಇದು ಹಳೇ ನೂಲು, ಇದು ಒದ್ದೆಯಲ್ಲಿ ಕಟ್ಟಿಟ್ಟದ್ದು ಎಂದು ಹೇಳಿಬಿಡುತ್ತಿದ್ದಳು. ಈ ಸಲ ಪುಟ್ಟಮಲ್ಲಪ್ಪನವರ ಅಂಗಡಿಯ ನೂಲನ್ನು ಮೂಸಿ ಮುಖ ಸಿಂಡರಿಸಿದಳು. “ಇದ್ರಲ್ಲಿ ವಾಸ್ನೇನೆ ಇಲ್ಲ. ರೇಷ್ಮೆನೇ ಅಲ್ಲ ಕಣ್ರಿ ಇದು, ಕಲಬೆರಕೆ. ವಾಪಸ್ ಕೊಟ್ಬುಟ್ಟು ಬನ್ನಿ” ಎಂದಳು. ನಾನೂ ಮೂಸಿದೆ. ನನಗೆ ವಾಸನೆ ಚೆನ್ನಾಗಿಯೇ ಬಂತು ಮಗಳೇ! ಆದರೆ ಮದುವೆಯಾದಾಗಿನಿಂದ ಈ ಮನೆಯಲ್ಲಿ ಮೂಗು ಅಂದರೆ ಅವಳದೇ. ನನಗೇ ಏನೋ ಭ್ರಮೆ ಅಂದುಕೊಂಡು ನೂಲು ಹೊತ್ತುಕೊಂಡು ಹೋಗಿ ಜಗಳವಾಡಿದೆ. ಪುಟ್ಟಮಲ್ಲಪ್ಪನವರು, “ಅಲ್ಲ ಕಣ್ ಮಾದಪ್ಪ, ಗಮ್ಮನೆ ಒಡೀತದಲ್ಲ ವಾಸ್ನೆ!” ಎಂದರು. ಆದರೂ ಬೇರೆ ಲಡಿ ಕೊಟ್ಟರು. ಅದನ್ನೂ ಅವಳು ಮೂಸಿ ಎಸೆದಳು. ಊರಿನ ವ್ಯಾಪಾರಿಗಳೆಲ್ಲ ಸೇರಿ ಮೋಸಕ್ಕೆ ನಿಂತಿದ್ದಾರೆ ಎಂದು ಬೀದಿಗೆಲ್ಲ ಕೇಳುವಂತೆ ಬಯ್ದಳು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಕೋಮಲ ಬಾಗಿಲಲ್ಲಿ ನಿಂತು, “ದೇವೀರಮ್ಮಾರೇ, ವಾಸ್ನೆ ಗೊತ್ತಾಯ್ತದಾ?” ಎಂದು ಕೇಳಿದಾಗಲೂ ಇದೇ ಮಾತು. “ನಂಗೇನ್ ಗೊತ್ತಾಯ್ತದೆ ಕಣವ್ವ, ನೂಲಿಗೇ ವಾಸ್ನೆ ಇಲ್ಲ” ಎಂದಳು. ಕೋಮಲ ಪಾಪ ಮುಂದಿನ ಮನೆಗೆ ಹೋದಳು.

ಆಮೇಲೆ ಒಂದು ದಿನ ಒಗ್ಗರಣೆಯ ಬೆಳ್ಳುಳ್ಳಿ ಸೀದು ಕರಕಲಾಗಿ ಮನೆ ತುಂಬ ಹೊಗೆ. ಮಗ್ಗದ ಗುಂಡಿಯಲ್ಲಿದ್ದ ನನಗೆ ಕೆಮ್ಮು ಬಂತು. ಎದ್ದು ಹೋಗಿ ನೋಡುತ್ತೇನೆ, ನಿಮ್ಮವ್ವ ಒಲೆಯ ಪಕ್ಕದಲ್ಲೇ ಆ ಕಡೆ ಮುಖ ಮಾಡಿ ಸೊಪ್ಪು ಸೋಸುತ್ತ ಕೂತಿದ್ದಾಳೆ. ನಾನೇ ಬಾಣಲೆ ಇಳಿಸಿದೆ. ಅವಳು ನನ್ನ ಮುಖ ನೋಡಿದಳು, ಬಾಣಲೆ ನೋಡಿದಳು. “ಅಯ್ಯೋ, ಪುಟ್ಟಮಲ್ಲಪ್ಪನ್ನ ಸುಮ್‌ಸುಮ್ನೆ ಬಯ್ದ್ಬುಟ್ನಲ್ಲ” ಎಂದಳು. ಮೊದಲು ಹೇಳಿದ್ದು ಅದೇ ಮಾತು.

ಟೆಸ್ಟಿನಲ್ಲಿ ಕೊರೊನಾ ಇದೆ ಎಂದು ಬಂತು. ಮಗ್ಗದ ಕೋಣೆಯಲ್ಲಿ ಬೀದಿ ಕಿಟಕಿಯ ಪಕ್ಕ ಅವಳಿಗೆ ಹಾಸಿಗೆ ಹಾಕಿದೆವು. ತೇಜಸ್ಸು ನಿನಗೆ ಫೋನ್ ಮಾಡಿದ್ದು ಆಗಲೇ. ಮಾರನೆಯ ದಿನ ನೀನು ಹೊರಟುಬಂದೆ. ಬಾಣಂತನಕ್ಕೆ ಬರಲೆಂದು ನೀನು ಮೊದಲೇ ಮಾಡಿಸಿಟ್ಟಿದ್ದ ರಿಪೋರ್ಟಿನ ಗಡುವು ಕೆಲವೇ ಗಂಟೆ ಮೀರಿದೆ ಎಂದು ಮಾದೇವ ಬಿಡಲಿಲ್ಲ. ನೀನು ರಸ್ತೆಯಲ್ಲಿ ಕೂತು ಅತ್ತುಬಿಟ್ಟೆಯಂತೆ, ಅವನಿಗೆ ಶಾಪ ಹಾಕಿದೆಯಂತೆ.

ನೀನು ವಾಪಸ್ ಹೋದ ಮೇಲೆ ಅವಳಿಗೆ ಉಸಿರು ಕಟ್ಟತೊಡಗಿತು. ಮಂಟಪಕ್ಕೆ ಕರೆದೊಯ್ದೆವು. ಮೇಷ್ಟ್ರು ಫೋನ್ ಹಿಡಿದುಕೊಂಡು ಊರೂರಿಗೆ ಮಾತಾಡಿದರು. ಸಿಲಿಂಡರು ಮಂಚದ ಪಕ್ಕದಲ್ಲೇ ನಿಂತಿತ್ತು, ಹಚ್ಚಲು ಯಾರಿಗೂ ಬರಲಿಲ್ಲ. ‘ಅವತ್ತೇ ಹೇಳಿದ್ದೆ’ ಎಂದು ಅವರು ಒಂದು ಮಾತು ಅಂದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅನ್ನಲಿಲ್ಲ. ಹೆಬ್ಬಾಗಿಲಲ್ಲಿ ನಿಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಕೊನೆಗೆ ಆಂಬುಲೆನ್ಸ್ ಸಿಕ್ಕಿತು, ಚಾಮರಾಜನಗರದ ಕಡೆ ಹೊರಟೆವು. ಯಳಂದೂರು ಬಂದಾಗ ಕಣ್ಣು ಬಿಟ್ಟು, “ಎಲ್ಲಿಗ್ ಬಂದ್ವಿ?” ಎಂದಳು. ಹೇಳಿದೆ. “ನಮ್ಮೂರು” ಎಂದಳು. ಹುಟ್ಟಿದ ಊರಲ್ಲವೇ, ಕಿಟಕಿ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ಊರು ದಾಟಿ ಗದ್ದೆ ಬಯಲಿಗೆ ಬರುವಷ್ಟರಲ್ಲಿ ಕೈ ತಣ್ಣಗಾಯಿತು. ಡ್ರೈವರ್ ಹುಡುಗನಿಗೆ ನಿಧಾನವಾಗಿ ಓಡಿಸಪ್ಪ ಎಂದೆ. ಅವನಿಗೆ ಅರ್ಥವಾಯಿತು.

ಇಷ್ಟು ನಡೆದದ್ದು.

ಈಗ ರಸ್ತೆ ತೆರೆಯುವ ಮಾತು ನಡೆಯುತ್ತಿದೆ. ಅದಕ್ಕೂ ಸಭೆ, ಅದಕ್ಕೂ ಕೂಗಾಟ. ಮಂಟಪದಲ್ಲಿ ಈಗ ಒಬ್ಬ ನರ್ಸಮ್ಮ ಇದ್ದಾರೆ, ಅಜ್ಜೀಪುರದವರು. ಮಲಗುವವರು ಕಡಿಮೆಯಾಗಿದ್ದಾರೆ. ಪುಟ್ಟಮಲ್ಲಪ್ಪನವರು ಬಂದು ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದು ಹೋದರು. ಅವಳು ಬಯ್ದದ್ದಕ್ಕೆ ನಾನು ಕ್ಷಮೆ ಕೇಳಿದರೆ, “ಆ ಬಯ್ಗುಳ ಇನ್ನೊಂದ್ ಸಲ ಕೇಳಾಕಾದ್ರೆ ಸಾಕಿತ್ತು ಕಣ್ ಮಾದಪ್ಪ” ಎಂದರು.

ನೀನು ಬರುವುದಾದರೆ ಬಾ. ಬಾರದಿದ್ದರೆ ಕೂಸಿಗೆ ಅಲ್ಲಿನ ಬಿಸಿಲು ತಾಗದಂತೆ ನೋಡಿಕೋ. ನಿನ್ನ ಕಿವಿಗೆ ಹತ್ತಿ ಇಟ್ಟುಕೋ, ತಣ್ಣೀರಲ್ಲಿ ಕೈಯಾಡಿಸಬೇಡ. ನಿಮ್ಮವ್ವ ಇದ್ದಿದ್ದರೆ ಇನ್ನೂ ಏನೇನೋ ಹೇಳುತ್ತಿದ್ದಳು, ನನಗೆ ಗೊತ್ತಿರುವುದು ಇಷ್ಟೇ. ನೀನೂ ನಿನ್ನ ಕೂಸೂ ತಣ್ಣಗಿರಿ. ನಮ್ಮ ಮನೆಯ ದುಃಖ ಆ ಮಗುವಿನ ನೆತ್ತಿಗೆ ತಾಗದಿರಲಿ. ನಿನ್ನ ಗಂಡನ ಮನೆಯ ಮಗ್ಗಗಳು ನಿಲ್ಲದೆ ಆಡಲಿ.

ನಿನ್ನ ಅಪ್ಪ,
ಮಾದಪ್ಪ

ಮರೆತ ಮಾತು: ಮರೆತದ್ದಲ್ಲ ಮಗಳೇ. ಹೇಳುವುದಿಲ್ಲ ಎಂದು ನಿಮ್ಮವ್ವನಿಗೆ ಆಣೆ ಮಾಡಿದ್ದೆ. ಕವರು ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆಣೆ ಮುರಿದ ಪಾಪ ನನಗಿರಲಿ. ಮಾದೇವ ಈಗ ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾನೆ, ಸುತ್ತು ಹಾಕಿಕೊಂಡು ಹಿಂದಿನ ಓಣಿಯಲ್ಲಿ ಹೋಗುತ್ತಾನೆ. ಅವನ ಮೇಲಿನ ಶಾಪ ವಾಪಸ್ ತಗೋ.

ಅವನಿಗೆ ಫೋನ್ ಮಾಡಿದ್ದು ನಿಮ್ಮವ್ವ. ನೀನು ಸೇಲಂ ಬಿಟ್ಟೆ ಎಂದು ತಿಳಿದ ಕೂಡಲೇ ಮಾಡಿದಳು. ನಾನು ಬಾಗಿಲಾಚೆ ಕೂತು ಕೇಳಿಸಿಕೊಂಡೆ. “ಮಾದೇವ, ಅಂಜು ಬತ್ತಾವ್ಳೆ. ಬುಡ್ಬ್ಯಾಡ ಕಣ್ ಮಗ. ಅವ್ಳು ಅತ್ರೂ ಬುಡ್ಬ್ಯಾಡ, ನಿನ್ ಕಾಲಿಗ್ ಬಿದ್ರೂ ಬುಡ್ಬ್ಯಾಡ. ಒಟ್ಟೇಲಿ ಕೂಸದೆ. ನಾನ್ ಏಳಿದ್ದು ಅಂತ ಮಾತ್ರ ಏಳ್ಬ್ಯಾಡ, ಅವ್ಳು ನಿಲ್ಲಲ್ಲ, ನುಗ್ಗಿ ಬಂದ್ಬುಡ್ತಾಳೆ” ಎಂದಳು. ಅವನು ಏನೆಂದನೋ ಕೇಳಿಸಲಿಲ್ಲ. ಅವಳ ಮಾತು ಕೇಳಿ ಅವನು ಕೆಲವು ಗಂಟೆಯ ನೆಪ ಹಿಡಿದು ನಿಂತ. ಇಲ್ಲದಿದ್ದರೆ ತುಂಬು ಬಸುರಿಯನ್ನು ಅಷ್ಟಕ್ಕೆ ತಡೆಯುವ ಹುಡುಗನಲ್ಲ ಅವನು.

ಫೋನ್ ಇಟ್ಟ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಆದರೆ ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ, “ನೋಡ್ರಿ, ಅಂಜು ಬಂದ್ಲೇನೋ” ಎನ್ನುವಳು. ನಾನು ಎದ್ದು ಬೀದಿಗೆ ಹೋಗಿ ನೋಡಿ ಬಂದು, ಇಲ್ಲ ಕಣೇ ಎನ್ನುವುದು. ಇನ್ನೊಂದು ಗಾಡಿ, ಮತ್ತೆ ಅದೇ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಅವಳು ಕೇಳುವುದನ್ನು ಬಿಡಲಿಲ್ಲ, ನಾನು ಹೋಗಿ ನೋಡುವುದನ್ನು ಬಿಡಲಿಲ್ಲ. ಒಂದು ಸಲವಾದರೂ ‘ಬಂದಳು’ ಎಂದುಬಿಡಲೇ ಅನ್ನಿಸಿತು. ಅನ್ನಲಿಲ್ಲ. ಅಂದಿದ್ದರೆ ಆ ಉಸಿರಲ್ಲೂ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿಬಿಡುತ್ತಿದ್ದಳು.