ಆರು ಸೆಂಟಿಮೀಟರ್

ಜನವರಿ 4

ಏಳು ಪ್ಯಾಂಟು, ಎರಡು ಕೋಟು ಕಟ್ ಮಾಡಿ ಮುಗಿಸಿದೆ. ಹನ್ನೊಂದಕ್ಕೆ ಒಬ್ಬ ಬಂದ, ಸೂಟು ಹೊಲಿಸಲು. ನನ್ನ ತಲೆಯ ಮೇಲಿಂದ ಒಳಗೆ ಇಣುಕಿ ಕಟಿಂಗ್ ಮಾಸ್ಟರ್ ಎಲ್ಲಿ ಅಂತ ಕೇಳಿದ. ನಾನೇ ಅಂದೆ. ನಕ್ಕ — ತಮಾಷೆ ಅಂದುಕೊಂಡ. ಭುಜದ ಅಳತೆಗೆ ನನ್ನ ಕೈ ಎಟುಕಲಿ ಅಂತ, ಪಾಪ, ಮೊಣಕಾಲು ಬೇರೆ ಬಗ್ಗಿಸಿದ. ನೆಟ್ಟಗೆ ನಿಲ್ಲಿ ಅಂತ ಗದರಿದೆ. ಹದಿನಾಲ್ಕು ವರ್ಷದಿಂದ ಇದೇ ಪಾಡು. ಮೈಯೆಲ್ಲಾ ಉರಿಯುತ್ತದೆ.

ಟೇಬಲ್ಲು ಗಂಡಸರ ಎತ್ತರಕ್ಕೆ ಮಾಡಿಸಿದ್ದು. ನಾನು ಹಲಗೆ ಹಾಕಿಕೊಂಡು ನಿಂತರೇನೇ ಆಚೆ ಅಂಚಿನ ಬಟ್ಟೆಗೆ ಕತ್ತರಿ ಹೋಗುವುದು. ಸಂಜೆ ಎಲ್ಲರೂ ಹೊರಟ ಮೇಲೆ ಹಲಗೆಯ ದಪ್ಪ ಅಳೆದೆ. ಸರಿಯಾಗಿ ಆರು ಸೆಂಟಿಮೀಟರ್. ನನ್ನ ಎತ್ತರ ನೂರಾ ನಲವತ್ತಾರು. ಟೇಬಲ್ಲಿನ ಕಾಲನ್ನೇ ಕುಯ್ಯಿಸಿ ಕೊಡುತ್ತೇನೆ ಅಂತ ಅಂಗಡಿ ಯಜಮಾನರು ಎಷ್ಟು ಸಲ ಹೇಳಿಲ್ಲ... ಬೇಡವೇ ಬೇಡ. ಅಂಗಡಿಯೆಲ್ಲ ನನಗಾಗಿ ತಗ್ಗುವುದು ಬೇಡ.

ಆಸ್ಪತ್ರೆಗೆ ಫೋನ್ ಮಾಡಿದೆ. ಹನ್ನೊಂದನೇ ತಾರೀಕು ಬರಲು ಹೇಳಿದ್ದಾರೆ.

ಜನವರಿ 11

ಡಾಕ್ಟರು ಮುಚ್ಚುಮರೆ ಇಲ್ಲದ ಮನುಷ್ಯ. ಎರಡೂ ಮೊಣಕಾಲಿನ ಕೆಳಗಿನ ಮೂಳೆ ಕತ್ತರಿಸುತ್ತಾರೆ. ಕಾಲಿನ ಸುತ್ತ ಕಬ್ಬಿಣದ ಚೌಕಟ್ಟು. ಒಂದು ವಾರ ಬಿಟ್ಟು ಸ್ಪ್ಯಾನರಿನಲ್ಲಿ ಅದರ ಸರಳು ತಿರುಗಿಸುವುದು — ದಿನಕ್ಕೆ ನಾಲ್ಕು ಸಲ, ನಾಲ್ಕೂ ಸೇರಿ ಒಂದು ಮಿಲಿಮೀಟರ್. ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆಯಂತೆ. ಮೂಳೆಯದು ತಕರಾರಿಲ್ಲ, ನರ ಮತ್ತು ಸ್ನಾಯುಗಳದ್ದೇ ರಗಳೆ. ಪಾದ ಮೇಲೆತ್ತಲು ಆಗದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಐದು ಸೆಂಟಿಮೀಟರ್ ಆರಾಮ. ಆರು ನೋಡೋಣ. ಎಂಟು ಕೇಳುವವರು ಬೇರೆ ಡಾಕ್ಟರನ್ನು ಹುಡುಕಿಕೊಳ್ಳಬೇಕು.

ಆಮೇಲೆ ಪೆನ್ನು ತೆಗೆದು, ‘ನಿಮಗೆ ಎಷ್ಟು ಬೇಕು?’ ಅಂದರು. ಬಟ್ಟೆ ಅಂಗಡಿಯಲ್ಲಿ ಎಷ್ಟು ಮೀಟರ್ ಅಂತ ಕೇಳಿದ ಹಾಗೆ! ಅವರೇ ಹೇಳುತ್ತಾರೆ ಅಂದುಕೊಂಡು ಹೋಗಿದ್ದೆ. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಜನವರಿ 19, ಭಾನುವಾರ

ನನ್ನದೇ ಪ್ಯಾಂಟನ್ನು ಕಂದು ಕಾಗದದ ಮೇಲೆ ಮೂರು ಸಲ ಬರೆದೆ. ಐದು, ಆರು, ಎಂಟು. ಕತ್ತರಿಸಿ ಗೋಡೆಗೆ ಪಿನ್ ಹಾಕಿ, ದೂರ ನಿಂತು ಗಿರಾಕಿಯನ್ನು ನೋಡುವಂತೆ ನೋಡಿದೆ. ಎಂಟಕ್ಕೆ ನನ್ನ ತೋಳು ಒಪ್ಪುವುದಿಲ್ಲ, ಯಾರದೋ ಕಾಲು ಎರವಲು ತಂದಂತಿದೆ. ಐದಕ್ಕೆ ಹಲಗೆ ತಪ್ಪುವುದಿಲ್ಲ. ಆರು. ಆರೇ.

ಅಮ್ಮ ಒಣಗಿದ ಬಟ್ಟೆ ತಂದಿಡಲು ಬಂದವಳು ಗೋಡೆ ನೋಡಿ ಯಾರ ಅಳತೆ ಅಂದಳು. ಹೇಳಿದೆ. ಬಟ್ಟೆಯನ್ನು ಮಂಚದ ಮೇಲೆ ಎಸೆದು, ‘ಚೆನ್ನಾಗಿರೋ ಕಾಲನ್ನ ಯಾರಾದ್ರೂ ಮುರಿಸ್ಕೋತಾರೇನೆ? ನಿನಗೇನು ಬಂದಿದೆ ಕೇಡು?’ ಅಂದಳು. ಅತ್ತಳು. ಅಕ್ಕನಿಗೆ ಫೋನ್ ಹೋಯಿತು. ಅಕ್ಕ ಅಪ್ಪನ ಹಾಗೆ ಉದ್ದ. ಅವಳಿಗೇನು, ಹೀಲ್ಸ್ ಹಾಕಿಕೋ ಅಂತಾಳೆ.

ಫೆಬ್ರವರಿ 4

ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್. ಸಹಿ ಹಾಕುವ ಫಾರಂನಲ್ಲಿ ಒಂದು ಖಾಲಿ ಜಾಗ. 6.0 ಅಂತ ದೊಡ್ಡದಾಗಿ ಬರೆದೆ. ಹೆದರಿಕೆ ಇದೆ, ಇಲ್ಲ ಅಂದರೆ ಸುಳ್ಳು. ಆದರೂ ಕೆಳಗೆ ಸಹಿ ಹಾಕಿದೆ.

ಫೆಬ್ರವರಿ 13

ಮನೆ. ತಿರುಗಿಸುವುದು ಇವತ್ತಿಂದ ಶುರು. ಕೆಳಗಿನ ಸರಳುಗಳಿಗೆ ನನ್ನ ಕೈ ಎಟುಕದು (ಅಲ್ಲೂ!). ಅಮ್ಮ ಕನ್ನಡಕ ಹಾಕಿಕೊಂಡು, ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಸರಳಿಗೆ ಕಾಲು ಭಾಗ ಸುತ್ತು ಕೊಟ್ಟಳು. ಎಂಟು ದಿನ ಅತ್ತವಳ ಕೈ ಎಷ್ಟು ಸ್ಥಿರ! ಪ್ರತಿ ಸಲಕ್ಕೂ ಈ ಪುಸ್ತಕದ ಹಿಂದೆ ಒಂದು ಗೀಟು. ನಾಲ್ಕು ಗೀಟು ಆಯಿತು. ಒಂದು ಮಿಲಿಮೀಟರ್ ಹೆಚ್ಚು ಎತ್ತರದವಳಾದೆ.

ಮಾರ್ಚ್ 1

ಹದಿನೇಳು ಮಿಲಿಮೀಟರ್. ನೋವಿನ ಬಗ್ಗೆ ಬರೆಯಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರೆಯುವುದಿಲ್ಲ. ಮಧ್ಯಾಹ್ನದ ಮಾತ್ರೆ ನುಂಗಿದರೆ ಎರಡು ಗಂಟೆ ಹೆಣದ ಹಾಗೆ ನಿದ್ದೆ, ಅದೊಂದೇ ಸುಖ. ಫಿಜಿಯೋದವಳು ದಿನಾ ಬಂದು ಪಾದಕ್ಕೆ ಟವೆಲ್ ಸುತ್ತಿ ಎಳೆಸುತ್ತಾಳೆ. ಬಾಯಿ ತುಂಬ ಬೈಯುತ್ತೇನೆ. ಬೈಯಿರಿ, ಆದರೆ ಎಳೀರಿ ಅಂತಾಳೆ.

ಮಾರ್ಚ್ 12

ಎಕ್ಸ್‌ರೇ. 2.8. ನನ್ನ ಗೀಟಿಗೆ ಸರಿಯಾಗಿ ತಾಳೆಯಾಯಿತು. ಡಾಕ್ಟರು ಪುಸ್ತಕ ತಿರುವಿ ನೋಡಿ ಶಹಭಾಸ್ ಅಂದರು.

ಸಂಜೆ ಅಕ್ಕನ ಫೋನು. ಒಂದು ಸಂಬಂಧವಂತೆ. ಹುಡುಗ ಲ್ಯಾಬ್ ಟೆಕ್ನಿಷಿಯನ್, ಒಳ್ಳೆಯವನು, ಅವನ ತಾಯಿಯದು ಒಂದೇ ಪಟ್ಟು — ಹುಡುಗಿ ಐದಡಿ ಇರಬೇಕು. ಅಮ್ಮ ಅಲ್ಲೇ ನನ್ನ ಟೇಪು ತಂದಳು. ನೂರಾ ನಲವತ್ತಾರು, ಆರು, ಸೇರಿದರೆ ನೂರಾ ಐವತ್ತೆರಡು. ಐದಡಿ ಅಂದರೆ ನೂರಾ ಐವತ್ತೆರಡೂವರೆ ಹತ್ತಿರ. ‘ಅಯ್ಯೋ, ಅರ್ಧ ಸೆಂಟಿಮೀಟರಿಗೆ ತಪ್ಪಿ ಹೋಗುತ್ತಲ್ಲೇ’ ಅಂತ ಕೈ ಕೈ ಹಿಸುಕಿಕೊಂಡಳು. ನನ್ನನ್ನು ಅಳೆಯಲು ಬರುವವರ ಮನೆಗೆ ನಾನು ಹೋಗುವುದಿಲ್ಲ, ಆರು ಅಂದರೆ ಆರು ಅಂದೆ. ಎದುರು ಮಾತಾಡಲಿಲ್ಲ. ಅಮ್ಮ ಅಷ್ಟು ಸುಲಭಕ್ಕೆ ಸುಮ್ಮನಾಗುವವಳಲ್ಲ. ದಣಿದಿರಬೇಕು.

ಮಾರ್ಚ್ 25

ಎಡಗಾಲಿನ ಹೆಬ್ಬೆರಳು ಜೋಮು. ಹತ್ತಿಯಿಂದ ಸವರಿದರೂ ಗೊತ್ತಾಗದು. ಫಿಜಿಯೋದವಳು ಇವತ್ತು ನಗಿಸಲಿಲ್ಲ. ಎರಡು ಸಲ ಪಾದ ಎತ್ತಿಸಿದಳು, ಏನೋ ಬರೆದುಕೊಂಡಳು. ಇಷ್ಟಕ್ಕೆಲ್ಲಾ ಬಿಡುವವಳಲ್ಲ ನಾನು.

ಏಪ್ರಿಲ್ 2

ಬೆರಳು ಏಳುತ್ತಿಲ್ಲ. ಮನಸ್ಸು ಎತ್ತು ಅಂತದೆ, ಅದು ಬಿದ್ದೇ ಇದೆ.

ಎಕ್ಸ್‌ರೇ 5.3. ಡಾಕ್ಟರು ಎರಡು ಸಲ ಅಳೆದರು. ದಿನಕ್ಕೆ ಎಷ್ಟು ತಿರುಗಿಸುತ್ತೀರಿ? ನಾಲ್ಕು. ಖಂಡಿತಾ? ನನಗೆ ಸಿಟ್ಟು ಬಂತು. ನಲವತ್ತೊಂಬತ್ತು ದಿನದಿಂದ ನಿದ್ದೆಗಣ್ಣಲ್ಲೂ ಗೀಟು ತಪ್ಪಿಸಿದವಳಲ್ಲ. ನಿನ್ನೆಗೆ 4.8, ನಿಮ್ಮ ಮೆಷಿನ್ನೇ ಕೆಟ್ಟಿರಬೇಕು ಅಂತ ಜೋರು ಮಾಡಿದೆ. ಅವರು ಅಮ್ಮನ ಕಡೆ ನೋಡಿದರು. ಅಮ್ಮ ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತಿದ್ದಳು. ತೆಗೆದು, ಹಾಕಿ, ತೆಗೆದು.

ಅಳತೆಯಲ್ಲಿ ಬದುಕಿದವಳಿಗೆ ಲೆಕ್ಕ ಹಾಕಲು ಎಷ್ಟು ಹೊತ್ತು.

ಮನೆಗೆ ಬಂದು ಕೂತ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು. ‘ಮಧ್ಯಾಹ್ನ ನೀನು ಮಲಗಿದಾಗ ಒಂದು. ದಿನಕ್ಕೆ ಒಂದೇ ಒಂದು ಕಣೆ. ಇಪ್ಪತ್ತು ಆಯ್ತು, ನಿನ್ನೆಗೆ ಮುಗಿಸ್ದೆ. ಇನ್ನು ಮುಟ್ತಿರ್ಲಿಲ್ಲ, ನಿನ್ನಾಣೆ.’ ಇಪ್ಪತ್ತು ಕಾಲು ಸುತ್ತು. ಐದು ಮಿಲಿಮೀಟರ್. ಅವಳ ಅರ್ಧ ಸೆಂಟಿಮೀಟರ್. ನನ್ನಷ್ಟೇ ನಿಯತ್ತಾಗಿ ಎಣಿಸಿದ್ದಾಳೆ.

ಏಪ್ರಿಲ್ 3

ಅಮ್ಮ ತಟ್ಟೆ ತಂದಿಟ್ಟು ಹೋಗುತ್ತಾಳೆ. ಅಕ್ಕ ಫೋನಿನಲ್ಲಿ, ಅಮ್ಮ ತಾನೇ, ನಿನ್ನ ಒಳ್ಳೆಯದಕ್ಕೆ ತಾನೇ ಅಂತ ಶುರು ಮಾಡಿದಳು. ಕಟ್ ಮಾಡಿದೆ. ನನ್ನ ಕಾಲು. ನಾನು ಮಲಗಿದ್ದಾಗ. ಹೊರಗಿನವರು ಹೀಗೆ ಮಾಡಿದ್ದರೆ ಸೀಳಿ ಹಾಕುತ್ತಿದ್ದೆ.

ಡಾಕ್ಟರು ಫೋನ್ ಮಾಡಿದ್ದರು. ಮೂರು ದಾರಿ. ಇಲ್ಲೇ ನಿಲ್ಲಿಸಿ ಕಾಯಬಹುದು, ಬೆರಳಿಗೆ ಜೀವ ಬಂದರೂ ಬರಬಹುದು. ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು, ಹೊಸ ಮೂಳೆ ಇನ್ನೂ ಮೆತ್ತಗಿದೆ, ನರಕ್ಕೆ ಬಿಡುವು ಸಿಗುತ್ತದೆ. ಬೆರಳು ಎದ್ದರೆ ಮುಂದೆ ಯಾವಾಗಲಾದರೂ, ನಿಧಾನವಾಗಿ, ಆರರವರೆಗೆ ಹೋಗಬಹುದು — ಅದಕ್ಕೆ ತಾವು ಗ್ಯಾರಂಟಿ ಕೊಡುವುದಿಲ್ಲ. ಎಷ್ಟು ಅಂತ ನಾಳೆ ಹೇಳಬೇಕು. ಮತ್ತೆ ಅದೇ ಪ್ರಶ್ನೆ.

ಏಪ್ರಿಲ್ 4

ಆರಕ್ಕೆ ಇನ್ನು ಏಳು ಮಿಲಿಮೀಟರ್. ಪಾವು ಇಂಚಿಗೆ ಒಂದಿಷ್ಟು ಜಾಸ್ತಿ, ನಮ್ಮ ಕಸುಬಿನಲ್ಲಿ ಹೊಲಿಗೆಯ ಒಳಗೆ ಹೋಗಿಬಿಡುವ ಬಟ್ಟೆ. ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಬೀಳುತ್ತದೆ. ಬೇಕು ಅನ್ನಿಸುತ್ತದೆ, ಈಗಲೂ. ಇಡೀ ಬೆಳಿಗ್ಗೆ ಬೇಕು ಅಂತಲೇ ಕೂತಿದ್ದೆ.

ಆದರೆ ದಿನಕ್ಕೆ ಎಂಟು ಗಂಟೆ ನಿಲ್ಲುವುದು ಈ ಪಾದದ ಮೇಲೆ. ಎಳೆದುಕೊಂಡು ನಡೆಯುವವಳು ಎಷ್ಟು ಉದ್ದವಿದ್ದರೇನು? ಮತ್ತೆ ಇನ್ನೊಂದು ಮಾತು. ಈ 5.3ರಲ್ಲಿ ಐದು ಮಿಲಿಮೀಟರನ್ನು ನಾನು ಕೇಳಿರಲಿಲ್ಲ. ಅದರ ಮೇಲೆ ನಿಲ್ಲಲಾರೆ.

4.8. ಗೀಟು ಹಾಕಿದಷ್ಟು. ಡಾಕ್ಟರಿಗೆ ಹೇಳಿದೆ. ಮುಂದೆ ಬೆರಳು ಎದ್ದರೂ ಅಷ್ಟೇ, ಏಳದಿದ್ದರೂ ಅಷ್ಟೇ, ಬರೆದುಕೊಳ್ಳಿ ಅಂದೆ. ಬರೆದುಕೊಂಡರು. ಆಮೇಲೆ ಯಜಮಾನರಿಗೆ ಫೋನು — ಟೇಬಲ್ಲಿನ ಕಾಲು ಒಂದು ಸೆಂಟಿಮೀಟರ್, ಎರಡು ಮಿಲಿಮೀಟರ್ ಕುಯ್ಯಿಸಿಡಿ. ಹದಿನಾಲ್ಕು ವರ್ಷ ಬೇಡ ಅಂದವಳಿಗೆ ಈಗೇನಾಯ್ತಮ್ಮಾ ಅಂತ ನಕ್ಕರು. ನಾಲ್ಕೂ ಮುಕ್ಕಾಲು ನಾನು ಬಂದಿದ್ದೇನೆ, ಒಂದೂಕಾಲು ಅದು ಬರಲಿ ಅಂದೆ. ನನಗೂ ನಗು ಬಂತು. ಎಷ್ಟು ದಿನವಾಗಿತ್ತು.

ಅಮ್ಮನನ್ನು ಕರೆದೆ. ಸ್ಪ್ಯಾನರ್ ಅವಳ ಕೈಗೆ ಕೊಟ್ಟೆ. ಹಿಂದೆ ಸರಿದಳು, ತನ್ನಿಂದಾಗದು ಅಂದಳು.

‘ನೀನೇ ಹಾಕಿದ್ದು, ನೀನೇ ಬಿಚ್ಚು. ನಾನು ಎಣಿಸ್ತೀನಿ.’

ಏಪ್ರಿಲ್ 7

ಐದನೇ ತಾರೀಕಿನಿಂದ ಶುರು, ದಿನಕ್ಕೆ ನಾಲ್ಕು, ಈ ಸಲ ಹಿಂದಕ್ಕೆ. ಇವತ್ತಿಗೆ ಹನ್ನೆರಡು. ನಾನು ಜೋರಾಗಿ ಎಣಿಸುತ್ತೇನೆ, ಅವಳು ತಲೆ ಎತ್ತುವುದಿಲ್ಲ. ಬೆರಳು ಹಾಗೇ ಇದೆ.

ಮಧ್ಯಾಹ್ನ ಕೆಳಗಿನ ಸರಳು ತಿರುಗಿಸುತ್ತಾ, ಕಾಲಿಗೆ ಹೇಳುವಂತೆ ಹೇಳಿದಳು. ‘ಅಕ್ಕನಿಗೆ ನಿಮ್ಮಪ್ಪನ ಕಾಲು ಬಂತು. ನಿನಗೆ ನನ್ನದು. ನಿನ್ನ ಯಾರಾದ್ರೂ ಗಿಡ್ಡಿ ಅಂದಾಗೆಲ್ಲಾ ನನಗೇ ಅಂದ ಹಾಗಾಗ್ತಿತ್ತು. ಅರ್ಧ ಸೆಂಟಿಮೀಟರಾದ್ರೂ ನನ್ನ ಕೈಯಾರೆ ಕೊಡೋಣ ಅನ್ನಿಸ್ತು.’

ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಅವಳ ಜಾರಿದ ಕನ್ನಡಕವನ್ನು ನಾನೇ ಮೇಲಕ್ಕೆ ಸರಿಸಿದೆ. ಅವಳ ಎರಡೂ ಕೈಯಲ್ಲಿ ಕೆಲಸವಿತ್ತು.

ಏಪ್ರಿಲ್ 9, ಸಂಜೆ 6

ಇಪ್ಪತ್ತು. ಮುಗಿಯಿತು. 4.8. ಇನ್ನು ಈ ಸ್ಪ್ಯಾನರನ್ನು ಯಾರೂ ಮುಟ್ಟುವುದಿಲ್ಲ.

ಅಮ್ಮ ನೆಲದ ಮೇಲೆ ಕೂತಿದ್ದಾಳೆ, ಎಡಪಾದದ ಎದುರು. ಬೆರಳು ಎತ್ತಿ ನೋಡು ಅಂತಾಳೆ. ನನಗೆ ನೋಡುವ ಧೈರ್ಯವಿಲ್ಲ. ಅದಕ್ಕೇ ಪುಸ್ತಕದಿಂದ ಕಣ್ಣು ತೆಗೆಯದೆ ಬರೆಯುತ್ತಿದ್ದೇನೆ. ನೀನೇ ನೋಡಿ ಹೇಳು ಅಂದೆ. ಎತ್ತುತ್ತಿದ್ದೇನೆ. ಅಂದರೆ ಎತ್ತು ಅಂತ ಮನಸ್ಸಿನಲ್ಲಿ ಹೇಳುತ್ತಿದ್ದೇನೆ, ಆಚೆ ಕಡೆ ಏನಾಗುತ್ತಿದೆಯೋ ಗೊತ್ತಾಗುವುದಿಲ್ಲ. ಅಮ್ಮನ ಉಸಿರೂ ಕೇಳಿಸುತ್ತಿಲ್ಲ.

‘ತಡಿ... ಇನ್ನೊಂದ್ಸಲ ಎತ್ತು.’

ಇನ್ನೊಂದ್ಸಲ ಅಂತೆ. ಹಾಗಾದರೆ ಮೊದಲನೇ ಸಲ —