ಬಂಪರಿನ ಎಡತುದಿ

ಮನೆಯಿಂದ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಚಿನ್ನಾ, ನನ್ನ ಬಾಣಂತಿ ಮಗಳೇ,

ಹೇಗಿದ್ದೀಯ? ಹೊಲಿಗೆ ನೋವು ಕಡಿಮೆಯಾಯಿತಾ? ಕೂಸು ಒಂದೇ ಸಮನೆ ಅಳುತ್ತಂತೆ, ನಿನ್ನ ಪತ್ರ ನೋಡಿದೆ. ಅಳಲಿ ಬಿಡೇ, ನೀನೇನು ಕಡಿಮೆ ಅತ್ತಿದ್ದೆಯಾ? ಹೊತ್ತು ಹೊತ್ತಿಗೆ ಉಣ್ಣು, ಮಗು ಮಲಗಿದಾಗ ನೀನೂ ಮಲಗು. ಅಳಿಯಂದಿರು ನೀರು ಕಾಯಿಸೋದು ಕಲಿತರು ಅಂತ ಓದಿ ನಗು ಬಂತು.

ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪ ಮಾತ್ರ ಮೂರು ಹೊತ್ತೂ ನನ್ನ ಸವತಿಯ ಸೇವೆಯಲ್ಲಿದ್ದಾರೆ. ಅದೇ, ಶೆಡ್ಡಿನ ಹಳೇ ಕಾರು. ನೀನು ಹುಟ್ಟಿದಾಗ ಆಸ್ಪತ್ರೆಯಿಂದ ಅದರಲ್ಲೇ ಕರೆತಂದದ್ದು, ಮೊಮ್ಮಗಳೂ ಅದರಲ್ಲೇ ಬರಬೇಕು ಅಂತ ಹಟ. ಭಾನುವಾರ ತಾವೇ ಓಡಿಸಿಕೊಂಡು ಬಂದು ನಿಮ್ಮಿಬ್ಬರನ್ನೂ ಕರೆತರುತ್ತಾರಂತೆ. ಇಂಜಿನ್ನು ಸರಿಯಾಗಿದೆ, ಬಣ್ಣ ಹೊಳೀತಿದೆ. ರಬ್ಬರ್ ಬಂಪರ್ ಮಾತ್ರ ಬಿಸಿಲಿಗೆ ಬೂದಿ ಬಳಿದ ಹಾಗಾಗಿತ್ತು. 'ಈ ಮುಖ ಹೊತ್ತುಕೊಂಡು ಮೊಮ್ಮಗಳ ಮುಂದೆ ಹೋಗಲಾ?' ಅಂದರು. ನಿಮ್ಮ ಮುಖವೋ, ಕಾರಿನದೋ ಅಂತ ನಾನೂ ಕೆಣಕಿದೆ.

ನಿನ್ನೆ ಸೋಪುನೀರಲ್ಲಿ ತೊಳೆದು ಒರೆಸಿ, ಬಿಸಿಗಾಳಿ ಊದೋ ಗನ್ನು ಹಿಡಿದು ಕೂತರು. ರಬ್ಬರಿನ ಮೇಲೆ ಅದನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಒಳಗಿನ ಎಣ್ಣೆ ಮೇಲಕ್ಕೆ ಬಂದು ಹಳೇ ಕಪ್ಪು ಮರಳುತ್ತೆ. ನೋಡೋಕೆ ಚೆಂದ ಕಣೇ. ಕೈ ನಿಂತರೆ ಮಾತ್ರ ಗುಳ್ಳೆ ಏಳುತ್ತೆ. ಬಲತುದಿಯಿಂದ ಶುರುಮಾಡಿ ಚೆನ್ನಾಗಿಯೇ ಬಂದರು. ಮಧ್ಯ ದಾಟಿದ ಮೇಲೆ ಕೈ ಮುಂದೆ ಹೋಗದೆ ಒಂದೇ ಕಡೆ ಸುತ್ತತೊಡಗಿತು. ಸುಟ್ಟ ವಾಸನೆ ಬಂತು. ರೀ, ಸಾಕು ಸಾಕು ಅಂದೆ. ಗನ್ನು ಆರಿಸಿ, ಹಿಂದೆ ಸರಿದು ನಿಂತು, 'ಮುಗೀತು ನೋಡೇ, ಕಾಡಿಗೆ ಹಚ್ಚಿದ ಹಾಗಿದೆ!' ಅಂದರು. ಎಡತುದಿಯಲ್ಲಿ ಮೊಳದುದ್ದ ಇನ್ನೂ ಬೂದಿಬಣ್ಣವೇ ಇತ್ತು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ಮುಖ ನೋಡಿದೆ. ತಮಾಷೆ ಅಲ್ಲ. ಆ ತುದಿ ಅವರಿಗೆ ಕಾಣುತ್ತಲೇ ಇರಲಿಲ್ಲ.

ಆಮೇಲೆ ಒಂದೊಂದೇ ಹೊಳೀತು. ಎಡಗಡೆ ಚಹಾ ಇಟ್ಟರೆ 'ಎಲ್ಲಿ ಚಹಾ?' ಅಂತ ಕೂಗುತ್ತಾರೆ. ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುತ್ತಾರೆ. ವಯಸ್ಸಾಯ್ತು, ಗಮನ ಇಲ್ಲ ಅಂತ ಬೈದುಕೊಂಡೇ ಇದ್ದೆ. ಕಣ್ಣಿನ ಡಾಕ್ಟರ ಮಾತೆತ್ತಿದರೆ ಹರಿಹಾಯುತ್ತಾರೆ. ನಿಮ್ಮ ರಸ್ತೆಯಲ್ಲಿ ಲಾರಿಗಳು ಹೇಗೆ ನುಗ್ಗುತ್ತವೆ ಅಂತ ನಿನಗೇ ಗೊತ್ತಲ್ಲ. ನನಗೆ ಭಯ ಆಗಿದೆ ಮಗಳೇ. ಎದುರಿಗೆ ಹೇಳಿ ಅವರ ಮುಖ ಸಣ್ಣದಾಗೋದು ನೋಡೋ ಧೈರ್ಯವೂ ಇಲ್ಲ. ನಿನಗೆ ಫೋನಿನಲ್ಲಿ ಹೇಳೋಣ ಅಂದರೆ ಅದು ಅವರ ಕುರ್ಚಿ ಪಕ್ಕದಲ್ಲೇ ಇದೆ. ಅದಕ್ಕೇ ಬರೀತಿದ್ದೇನೆ. ಏನು ಮಾಡಬೇಕು ಅಂತ ಯೋಚಿಸು.

ಕೂಸಿನ ಹಣೆಗೆ ನನ್ನದೊಂದು ಮುತ್ತು ಕೊಡು. ತಾಯಿ ಮಗು ಇಬ್ಬರೂ ತಣ್ಣಗಿರಿ.

ನಿನ್ನ,
ಅಮ್ಮ

ತಾ.ಕ.: ಲಕೋಟೆ ಅಂಟಿಸೋ ಹೊತ್ತಿಗೆ ಅಪ್ಪ ಅಡುಗೆಮನೆಗೆ ಬಂದರು. 'ಭಾನುವಾರ ನೀನು ಮುಂದಿನ ಸೀಟಲ್ಲೇ ಕೂತ್ಕೋ. ಎಡಗಡೆ ಏನು ಬಂತು ಅಂತ ಹೇಳ್ತಾ ಇರು, ಸಾಕು' ಅಂದರು. ಅವರಿಗೆ ಗೊತ್ತಿದೆ ಕಣೇ! ಗೊತ್ತಿದ್ದೂ ಹೊರಟಿದ್ದಾರೆ. ಈ ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ, ಅಳಿಯಂದಿರೇ ಬಂದು ಓಡಿಸುತ್ತಾರೆ ಅನ್ನು. ಅಪ್ಪ ಬೈದರೂ ಸರಿ, ಅತ್ತರೂ ಸರಿ, ಜಗ್ಗಬೇಡ. ನಾನಂತೂ ಅವರ ಮುಖ ನೋಡಿ ಹೂಂ ಅಂದುಬಿಟ್ಟೆ. ನೀನು ಅನ್ನಬೇಡ.